ಹೂಳು ಹೊತ್ತ ಸಾಕಮ್ಮನ ಹೊಟ್ಟೆಕಿಚ್ಚು

ನಮ್ಮತ್ತೆ ಸಾಕಮ್ಮನಿಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಪಕ್ಕದ ಮನೆಯ ಕುಂಬಳಬಳ್ಳಿಯಲ್ಲಿ ಕಾಯಿ ಕಚ್ಚಿದರೆ ಇವರಿಗೆ ಊಟ ಸೇರುವುದಿಲ್ಲ. ನಾನು ಕೆಲಸಕ್ಕೆ ಹೋಗುವ ತಾಂಡ್ಯದ ಫ್ಯಾಕ್ಟರಿಯಲ್ಲಿ ನನಗೊಂದು ಸ್ಟೀಲ್ ಡಬ್ಬಿ ಕೊಟ್ಟರೆಂದು ಎರಡು ದಿನ ಮಾತು ಬಿಟ್ಟಿದ್ದರು. ಇಪ್ಪತ್ತು ವರ್ಷ ಸೊಸೆಯಾಗಿ ಬಾಳಿದ ಮೇಲೆ ಇದನ್ನೆಲ್ಲ ನಗುತ್ತಲೇ ಹೇಳಬಲ್ಲೆ. ಆದರೆ ಸ್ವಂತ ಮೊಮ್ಮಗಳ ಮೇಲೇ ಹೊಟ್ಟೆಕಿಚ್ಚು ಪಟ್ಟರಲ್ಲ, ಅದಕ್ಕೆ ಮಾತ್ರ ನಗು ಬರುವುದಿಲ್ಲ.

ನಮ್ಮದು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ಊರು. ಈಶ್ವರನ ಗುಡಿ, ಅದರ ಬಗಲಿಗೆ ಹಳೇ ಕಾಲದ ಕಲ್ಲಿನ ಕೊಳ. ಅತ್ತೆ ಮದುವೆಯಾಗಿ ಬಂದಾಗ ನಮ್ಮ ಕೇರಿಯವರು ಅದರ ಮೆಟ್ಟಿಲು ಇಳಿಯುವಂತಿರಲಿಲ್ಲ. ಬಿಂದಿಗೆ ಹಿಡಿದು ದಡದಲ್ಲಿ ಕಾಯಬೇಕು. ಯಾರಾದರೂ ದೊಡ್ಡ ಮನಸ್ಸು ಮಾಡಿ ಹುಯ್ದರೆ ನೀರು. ಆಮೇಲೆ ಬೋರ್‌ವೆಲ್ ಬಂತು, ನಲ್ಲಿ ಬಂತು. ಕೊಳ ಯಾರಿಗೂ ಬೇಡವಾಗಿ ಹೂಳು ತುಂಬಿಕೊಂಡಿತು.

ಹೋದ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಹೂಳೆತ್ತಿಸಿದರು. ಅರವತ್ತು ದಾಟಿದ ಅತ್ತೆ ಆಗಲೇ ಮೊದಲ ಸಲ ಅದರೊಳಗೆ ಇಳಿದದ್ದು. ಇಪ್ಪತ್ತು ದಿನ ತಲೆಯ ಮೇಲೆ ಕೆಸರಿನ ಮಂಕರಿ ಹೊತ್ತರು. "ಮೂವತ್ತೊಂದು ಮೆಟ್ಲು ಕಣೆ ರಂಜಿನಿ, ತಳದಲ್ಲಿ ಒಂದು ಆಮೆ ಕೆತ್ತವ್ರೆ" ಎಂದು ನನಗೆ ಹೇಳುತ್ತಿದ್ದರು. ಮಳೆ ಬಿದ್ದು ಕೊಳ ತುಂಬಿತು. ಅತ್ತೆ ಮತ್ತೆ ದಡದಲ್ಲೇ ನಿಂತರು. ಯಾರೂ ಬೇಡ ಎನ್ನಲಿಲ್ಲ. ಕಾಲೇ ಏಳಲಿಲ್ಲ.

ಇಳಿದವಳು ನನ್ನ ಮಗಳು ಕವನ. ಸುತ್ತೂರಿನಲ್ಲಿ ಓದುತ್ತಾಳೆ. ಭಾನುವಾರ ಬಂದರೆ ನೆಟ್ಟಗೆ ಕೊಳಕ್ಕೆ ಹೋಗಿ, ನೀರಿಗೆ ಕಾಲು ಇಳಿಬಿಟ್ಟು, ಮೊಬೈಲಿನಲ್ಲಿ ಹಾಡು ಕೇಳುತ್ತ ಕೂರುತ್ತಾಳೆ. ಅವರಪ್ಪ ಕಟ್ಟಿಸಿದ ಕೊಳವೇನೋ ಎಂಬಂತೆ! ಅತ್ತೆ ಅದನ್ನು ನೋಡಿ ಮನೆಗೆ ಬಂದು ಪಾತ್ರೆ ಕುಕ್ಕುವರು. "ಬಲು ಮೆರೀತಾಳೆ ನಿನ್ ಮಗ್ಳು."

ಕಳೆದ ಭಾನುವಾರ ನಾನೂ ಅತ್ತೆಯೂ ದಡದಲ್ಲಿದ್ದೆವು. ಕವನ ಕಾಲಿನಿಂದ ನೀರು ಚಿಮ್ಮಿಸಿ ನಗುತ್ತಿದ್ದಳು. ಅತ್ತೆ ಇದ್ದಕ್ಕಿದ್ದಂತೆ ಕಿರುಚಿದರು.

"ಏಯ್, ಮೇಲಕ್ಕತ್ತೇ! ದೇವ್ರ ನೀರು ಮೈಲ್ಗೆ ಆಯ್ತದೆ!"

ಗುಡಿಯ ಜಗುಲಿಯಲ್ಲಿ ಬಿಲ್ವಪತ್ರೆ ಆಯುತ್ತಿದ್ದ ಪೂಜಾರಿ ಚಿಕ್ಕಬಸಪ್ಪ ಗಾಬರಿಬಿದ್ದು ಎದ್ದರು. "ಅಯ್ಯೋ ಸಾಕಮ್ಮ, ನಾನೇನೂ ಅನ್ನಿಲ್ಲ ಕಣವ್ವ!"

ಪಾಪ, ಅವರು ಅಂದಿರಲಿಲ್ಲ. ಅಂದಿದ್ದವರು ಅವರ ತಂದೆ. ಹೊಸ ಸೊಸೆ ಸಾಕಮ್ಮ ತಿಳಿಯದೆ ಮೊದಲ ಮೆಟ್ಟಿಲಿಗೆ ಕಾಲಿಟ್ಟ ದಿನ, ಊರೆಲ್ಲ ನೋಡುತ್ತಿದ್ದಾಗ, ಇದೇ ಮಾತು.

ಕವನ ಮೇಲೆ ಬಂದಳು. ಮುಖ ಕಪ್ಪಿಟ್ಟಿತ್ತು. "ಅಜ್ಜಿ, ನೀನೂ ಇಂಗೆ ಅಂತೀಯಾ?"

ನನಗೆ ಮೈಯೆಲ್ಲ ಉರಿಯಿತು. "ಮಗೀಗೆ ಅನ್ನೋ ಮಾತಾ ಅತ್ತೆ ಇದು?" ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಒಟ್ಟೆ ಉರ್ದೋಯ್ತು ಕಣೆ. ಊಳು ಒತ್ತೋಳು ನಾನು, ಕಾಲಾಡ್ಸೋಳು ಇವ್ಳಾ? ಇವ್ಳಿಗೆ ಎದ್ರಿಕೇನೇ ಇಲ್ವಲ್ಲ! ನಂಗ್ಯಾಕಿಲ್ಲ ಆ ಪುಣ್ಯ?"

"ಅಂಗಾದ್ರೆ ನೀನೂ ಬಾ" ಎಂದು ಕವನ ಕೈ ಚಾಚಿದಳು. ಅತ್ತೆ ಅದನ್ನು ತಳ್ಳಿದರು. ಸೀರೆ ಎತ್ತಿ ಸಿಕ್ಕಿಸಿ, ಪಾಚಿಗೆ ಹೆದರಿ ಕೂತುಕೂತೇ ಇಳಿದರು. ನೀರು ಮೊಣಕಾಲು ಮುಟ್ಟಿತು. ಅಲ್ಲೇ ಕೂತು, ಎರಡೂ ಅಂಗೈಯನ್ನು ನೀರಿನ ಮೇಲೆ ಇಟ್ಟರು.

ಕವನ ಖುಷಿಯಿಂದ ಹಿಂದೆಯೇ ಇಳಿಯಲು ಹೋದಳು. ಅತ್ತೆ ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದರು.

"ನೀನು ಅಲ್ಲೇ ನಿಂತ್ಕೊ. ಇವತ್ತು ನಾನೊಬ್ಳೇ."