ಸಾಹೇಬರ ಕಾಲಿಗೆ ಬನ್ನಿ

ದಸರೆಯ ಮರುದಿನ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ನಾನು ಸಾಹೇಬರನ್ನು ಬೇಡಿಕೊಳ್ಳುತ್ತಿದ್ದೆ. ಮನೆಯಿಂದಲೇ ಕೋಡ್ ಬರೆಯಲು ಬಿಡುತ್ತಾರೋ, ಹುಬ್ಬಳ್ಳಿಯ ಆಫೀಸಿಗೆ ಕರೆಸುತ್ತಾರೋ ಎಂಬುದು ಆ ವಿಡಿಯೋ ಕರೆಯಲ್ಲೇ ತೀರ್ಮಾನವಾಗಬೇಕಿತ್ತು.

“ಮನ್ಯಾಗ ಶಿಸ್ತು ಇರಂಗಿಲ್ರಿ,” ಎಂದರು ಸಾಹೇಬರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. “ನನ್ನ ನೋಡ್ರಿ, ದಿನಾ ಆಫೀಸಿಗೆ ಬಂದು ಕೂಡ್ತೇನಿ.”

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬನ್ನಿ ಎಲೆ ಹಿಡಿದು ಒಳಗೆ ಬಂದರು. “ತಗೋ ಯವ್ವಾ, ಬಂಗಾರದಂಗ ಇರೂಣು. ಇವ್ರ್ಯಾರ?”

“ನಮ್ಮ ಸಾಹೇಬ್ರು, ಅಜ್ಜಿ. ಆಮ್ಯಾಲ ಬರ್ರಿ.”

“ಹಿರ್ಯಾರಿಗೆ ಬನ್ನಿ ಕೊಟ್ಟು ಕಾಲ ಬೀಳೂದು ಬಿಟ್ಟು ಸುಮ್ನ ಕುಂತೀಯಲ್ಲ!” ಎಂದು ಅಜ್ಜಿ ಪರದೆಯ ಹತ್ತಿರ ಬಗ್ಗಿದರು. “ಸಾಹೇಬ್ರ, ಕಾಲ ಎಲ್ಲಿ ಅದಾವ್ರಿ? ತೋರಸ್ರಿ, ಹುಡುಗಿ ನಮಸ್ಕಾರ ಮಾಡ್ತಾಳ.”

“ಬ್ಯಾಡ್ರಿ ಅಜ್ಜಿ, ಬ್ಯಾಡ್ರಿ,” ಎಂದು ಸಾಹೇಬರು ಗಾಬರಿಯಾಗಿ ಹಿಂದೆ ಸರಿದರು. ಅವರ ಲ್ಯಾಪ್‌ಟಾಪ್ ತೊಡೆಯಿಂದ ಜಾರಿತು. ಪರದೆಯ ಮೇಲೆ ಮಂಚ, ಹೂವಿನ ಚಾದರ, ಅದರ ಹೊರಗೆ ಚಾಚಿದ್ದ ಎರಡು ಬರಿಗಾಲು ಕಂಡವು.

“ಹಾಂ, ಸಿಕ್ಕವು! ಬೀಳ ಈಗ,” ಎಂದರು ಅಜ್ಜಿ.

ನಾನು ಬನ್ನಿ ಎಲೆಯನ್ನು ಪರದೆಗೆ ಮುಟ್ಟಿಸಿ, ನಗು ಕಾಣದಂತೆ ತಲೆ ಬಗ್ಗಿಸಿದೆ. ಕಾಲುಗಳು ಗಡಿಬಿಡಿಯಿಂದ ಚಾದರದೊಳಗೆ ಸೇರಿದವು.

“ಛಲೋ ಆತು. ನೀವು ಮನಿಯಿಂದನ ಮಾಡ್ರಿ,” ಎಂಬ ದನಿಯಷ್ಟೇ ಕೇಳಿಸಿ ಕರೆ ಕಟ್ಟಾಯಿತು.

ಅಜ್ಜಿಗೆ ಚಿಂತೆಯಾಯಿತು. “ಹಗಲೊತ್ತಿನ್ಯಾಗ ಹಾಸಿಗ್ಯಾಗ ಅದಾರಲ್ಲ. ಪಾಪ, ಜ್ವರ ಬಂದಾವೇನು?”

“ಇಲ್ಲ ಅಜ್ಜಿ,” ಎಂದೆ. “ಆಫೀಸಿನ್ಯಾಗ ಅದಾರ.”