ಅವ್ವನ ಬದನೆಯ ಬಣ್ಣ

ಶಿವರಾತ್ರಿ ಮುಗಿದ ಮೇಲೆ ಕಬ್ಬೂರಿನ ನಮ್ಮ ಹಿತ್ತಲಲ್ಲಿ ಮಲ್ಲಿಗೆ ಮೊಗ್ಗು ಹಿಡಿಯುತ್ತದೆ. ಅದೇ ಹೊತ್ತಿಗೆ ಕಬ್ಬು ಕಡಿದ ಹೊಲಗಳಲ್ಲಿ ಒಣ ಎಲೆಯ ರವದಿಗೆ ಬೆಂಕಿ ಹಾಕುತ್ತಾರೆ. ಸುಟ್ಟ ಎಲೆಯ ಕರಿ ತೇಲಿ ಬಂದು ಮೊಗ್ಗಿನ ಮೇಲೆ ಕೂರುತ್ತದೆ. ಇಷ್ಟು ಬರೆದ ಕೂಡಲೇ ಅನುಮಾನ. ಪ್ರತಿವರ್ಷ ಹೀಗೇ ಆಗುತ್ತಿತ್ತೇ? ಅಥವಾ ಅವ್ವ ಸತ್ತ ನಂತರದ ಈ ಒಂದು ವರ್ಷವನ್ನು ಎಲ್ಲ ವರ್ಷಗಳ ಮೇಲೂ ಹರಡುತ್ತಿದ್ದೇನೆಯೇ?

ಬೀಜದ ಗಂಟು ಸಿಕ್ಕಿದ್ದು ಒಲೆಯ ಮೇಲಿನ ಗೂಟದಲ್ಲಿ. ಹಳೆಯ ಸೀರೆಯ ತುಂಡು, ಅದರೊಳಗೆ ಬೂದಿ, ಬೂದಿಯಲ್ಲಿ ಬದನೆ ಬೀಜ. ಕೊನೆಯ ವರ್ಷಗಳಲ್ಲಿ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ, ಹಿತ್ತಲು ಬೀಳುಬಿತ್ತು. ಆ ತಳಿ ಊರಲ್ಲಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ.

"ಹಸರ ಗೆರಿ ಇದ್ದದ್ದಲ್ರಿ, ಮುಳ್ಳ ಬದನಿ," ಎಂದೆ ವೈನಿಗೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ.

"ಹಸರು ಎಲ್ಲಿಂದ ತಂದಿ ತಂಗಿ? ನೇರಳಿ ಇತ್ತು. ನಾನ ಹರದೇನಿ."

ಅಣ್ಣನನ್ನು ಕೇಳಿದೆವು. "ನಾ ತಿಂದಾಂವ, ನೋಡಿದಾಂವ ಅಲ್ಲ. ಎಣ್ಣಿಗಾಯಿ ಆದ ಮ್ಯಾಲ ಎಲ್ಲಾ ಕರೀನ," ಎಂದು ಬೈಕು ಹತ್ತಿ ಹೋದ.

ಫೋಟೋಗಳಲ್ಲಿ ಅವ್ವ ಇದ್ದಾಳೆ, ಬದನೆ ಇಲ್ಲ. ಹೀಗಾಗಿ ಬೀಜವೇ ಹೇಳಬೇಕಿತ್ತು. ಅವ್ವನ ಬಗ್ಗೆ ನನಗಿರುವ ನೆನಪುಗಳಲ್ಲಿ ಮಣ್ಣಿಗೆ ಹಾಕಿ ಪರೀಕ್ಷಿಸಬಹುದಾದದ್ದು ಇದೊಂದೇ. ಉಳಿದವನ್ನು ನಾನು ಎಷ್ಟು ಸಲ ತಿದ್ದಿಕೊಂಡಿದ್ದೇನೋ.

ಬಚ್ಚಲ ನೀರು ಹರಿಯುವ ಕಡೆ ಅಗಿ, ಎಂದರೆ ಸಸಿ, ಎಬ್ಬಿಸಲು ಮಡಿ ಮಾಡಿದೆವು. ಗಂಟಿನಲ್ಲಿದ್ದ ಬೀಜವನ್ನೆಲ್ಲ ಹಾಕಿದೆ. ಇರುವೆ ಬೀಜ ಹೊತ್ತೊಯ್ಯದಿರಲಿ ಎಂದು ವೈನಿ ಮೇಲೆ ತಂಬಾಕಿನ ಪುಡಿ ಉದುರಿಸಿದರು. ಅವರ ತವರು ನಿಪ್ಪಾಣಿ. ಅಲ್ಲಿಂದ ಗೋದಾಮಿನ ನೆಲ ಗುಡಿಸಿದ ಪುಡಿ ಚೀಲಗಟ್ಟಲೆ ಬರುತ್ತದೆ, ನಮ್ಮ ಹಿತ್ತಲಿಗೆ ಅದೇ ಔಷಧ.

ಕೆಲವು ದಿನಗಳಲ್ಲಿ ಮಡಿಯ ತುಂಬ ಹಸಿರು ಚುಕ್ಕೆ. ಮುಂಜಾನೆ ಚಹಾದ ಕಪ್ಪು ಹಿಡಿದು ಅಲ್ಲೇ ಕೂರುತ್ತಿದ್ದೆ. ನಾನು ಹೋಗುವ ಮೊದಲೇ ಮಣ್ಣು ಒದ್ದೆಯಾಗಿರುತ್ತಿತ್ತು, ಅಂಚನ್ನು ಬೆರಳಿಂದ ಒತ್ತಿದ ಗುರುತಿರುತ್ತಿತ್ತು. ಅವ್ವ ಹಾಗೆ ಒತ್ತುತ್ತಿದ್ದಳು. ವೈನಿಯೇ ಇರಬೇಕೆಂದು ಗೊತ್ತಿತ್ತು. ಆದರೂ ಕೇಳಲಿಲ್ಲ, ಕೇಳಿದರೆ ಅದು ವೈನಿಯದಷ್ಟೇ ಆಗಿಬಿಡುತ್ತಿತ್ತು. ಪಕ್ಕದ ಮನೆಯ ಕಾಕುಗೆ, "ಅವ್ವನ ಬದನಿ ಹುಟ್ಟೇತ್ರಿ, ಅಗಿ ಕೊಡ್ತೀನಿ," ಎಂದೂ ಹೇಳಿಬಿಟ್ಟೆ.

ಎಲೆಗಳು ಅಗಲವಾದವು. ಮುಟ್ಟಿದರೆ ಬೆರಳಿಗೆ ಅಂಟಂಟು. ಅಗಿ ಕಿತ್ತು ನೆಡಲು ಕುರ್ಚಿಗಿಯಿಂದ ಕುಳಿ ತೋಡುತ್ತಿದ್ದಾಗ ವೈನಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಇವನ್ನ ಹಚ್ಚಬ್ಯಾಡ ತಂಗಿ. ಇದು ತಂಬಾಕು."

ಪುಡಿಯಲ್ಲಿ ಒಣಗಿದ ಕಾಯಿಗಳೂ ಸೇರಿದ್ದವಂತೆ. ಅದರ ಬೀಜ ಧೂಳಿನಷ್ಟು ಸಣ್ಣದು. ಹುಟ್ಟಿದ್ದೆಲ್ಲ ಅದೇ. ಅವ್ವನ ಬೀಜ ಒಂದೂ ಎದ್ದಿರಲಿಲ್ಲ.

"ಯಾವಾಗ ಗೊತ್ತಾತ್ರಿ?"

"ನಾಕ ಎಲಿ ಬಂದಾಗನ. ತವರಮನ್ಯಾಗ ಇದರಾಗ ಬೆಳದಾಕಿ ನಾ."

"ಮತ್ತ ದಿನಾ ನೀರ ಯಾಕ ಹಾಕಿದ್ರಿ?"

"ನೀ ದಿನಾ ಬಂದ ಕುಂಡರತಿದ್ದಿ," ಎಂದರು ವೈನಿ. "ಹಾಕಿದೆ."

ಕೈ ಮೂಸಿದೆ. ಅವ್ವನ ಕೈಗೂ ಇದೇ ವಾಸನೆ ಇತ್ತು ಎಂದು ಬರೆದರೆ ಚೆಂದ ಕಾಣುತ್ತದೆ. ಬರೆಯಲಾರೆ. ಅವ್ವನ ಕೈ ವಾಸನೆ ನನಗೆ ನೆನಪಿಲ್ಲ.

ಇಬ್ಬರೂ ಕೂತು ಅವನ್ನೆಲ್ಲ ಕಿತ್ತೆವು. ಮಣ್ಣನ್ನು ಜರಡಿ ಹಿಡಿದೆವು. ಸಿಕ್ಕ ಬದನೆ ಬೀಜಗಳು ಹಿಸುಕಿದರೆ ಒಳಗೆ ಏನೂ ಇಲ್ಲದ ಸಿಪ್ಪೆ. ಅಷ್ಟರಲ್ಲಿ ಕಾಕು ಬುಟ್ಟಿ ಹಿಡಿದು ಬಂದರು.

"ಅಗಿ ಒಯ್ಯಾಕ ಬಂದೆ ನೋಡವಾ."

ವೈನಿ ಹೇಳಿದರು, "ಹುಟ್ಟಲಿಲ್ರಿ ಕಾಕು. ಬೀಜ ಸತ್ತಿದ್ವು."

ಕಾಕು ಬುಟ್ಟಿ ಬೋರಲು ಹಾಕಿ ಅದರ ಪಕ್ಕದಲ್ಲೇ ಕೂತರು. "ಹೋದ್ವೇನ ಹಂಗಾರ. ಎಂಥಾ ಬದನಿ ಅವು. ಬೆಳ್ಳಗ, ಹಾಲಿನಂಥವು. ನಿಮ್ಮವ್ವ ಉಡ್ಯಾಗ ತಂದು ಕೊಡತಿದ್ಲು."

ವೈನಿ ನನ್ನ ಮುಖ ನೋಡಿದರು. ಹಸಿರು ಎಂದು ನಾನು ಹೇಳಲಿಲ್ಲ, ನೇರಳೆ ಎಂದು ಅವರು ಹೇಳಲಿಲ್ಲ. ಹೇಳಿದರೂ ತೀರ್ಪು ಕೊಡಲು ಇನ್ನು ಏನೂ ಉಳಿದಿರಲಿಲ್ಲ.

ಮರುದಿನ ಮುಂಜಾನೆ ಖಾಲಿ ಮಡಿಯ ಬಳಿ ನಿಂತು ನನ್ನ ಹಸಿರು ಗೆರೆಯ ಬದನೆಯನ್ನು ನೆನೆಯಲು ನೋಡಿದೆ. ಅವ್ವ ಬಗ್ಗಿ ಕಾಯಿ ಹರಿಯುತ್ತಿದ್ದಳು, ಎದ್ದು ನನ್ನ ಕಡೆ ತಿರುಗಿದಳು. ಅವಳ ಉಡಿಯಲ್ಲಿದ್ದದ್ದು ಬೆಳ್ಳಗಿತ್ತು.