ಹೋಗಿ ಬರ್ತೀನಿ ಅಂದದ್ದಕ್ಕೆ

ನಮ್ಮ ಮನೆಯಿಂದ ಹೊರಡುವವರು ಬರೀ 'ಹೋಗ್ತೀನಿ' ಅಂದರೆ ಅವ್ವ ಬಾಯಿ ಮೇಲೆ ಹೊಡೆಯುತ್ತಿದ್ದಳು. ಪಕ್ಕದ ಅಂಗಡಿಗೆ ಹೋದರೂ 'ಹೋಗಿ ಬರ್ತೀನಿ' ಅನ್ನಬೇಕು. ನನ್ನ ತಂಗಿ ಗುಂಡ್ಲುಪೇಟೆ ಬಿಟ್ಟು ಗಂಡನ ಜೊತೆ ವಿಮಾನ ಹತ್ತಲು ಹೊರಟಾಗಲೂ ಅದನ್ನೇ ಅಂದಳು: "ಓಗ್ಬುಟ್ಟು ಬತ್ತೀನಿ ಕಣವ್ವ." ಆ ಮಾತೇ ಅವಳ ಕುತ್ತಿಗೆಗೆ ಬಂತು.

ಅವಳು ಬೇರೆ ಜಾತಿಯವನನ್ನು ಮದುವೆಯಾಗಿದ್ದಳು. ಇಬ್ಬರನ್ನೂ ಕಡಿದು ಹಾಕುತ್ತೇನೆಂದು ಚಿಕ್ಕಪ್ಪ ನಮ್ಮ ಮನೆ ಜಗಲಿ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಹೋದ ದೇಶದಲ್ಲಿ ಅವಳು, ಊರಿಗೆ ಮರಳಿದರೆ ಜೀವಕ್ಕೆ ಅಪಾಯವೆಂದು ರಕ್ಷಣೆಯ ವೀಸಾ ಕೇಳಿದಳು. ಹೊರಡುವಾಗ ತಾಯಿಗೆ ಏನು ಹೇಳಿದೆ ಎಂದು ಅಲ್ಲಿನ ಅಧಿಕಾರಿ ಕೇಳಿದ್ದಾನೆ. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ವಾಪಸ್ ಬರುತ್ತೇನೆ ಎಂದವಳಿಗೆ ಭಯ ಎಲ್ಲಿಯದು ಎಂದು ವೀಸಾ ನಿರಾಕರಿಸಿಬಿಟ್ಟರು. ಕೇಳಿ ನನ್ನ ಮೈ ಉರಿಯಿತು. ಸ್ಮಶಾನಕ್ಕೆ ಹೊರಟವರನ್ನು ಬಿಟ್ಟರೆ ನಮ್ಮಲ್ಲಿ ಎಲ್ಲರೂ ಬರುತ್ತೇವೆ ಎಂದೇ ಹೋಗುವುದು.

ಆ ಆದೇಶ ಗಂಡ ಹೆಂಡತಿ ಆಗಲೇ ಖಾಲಿ ಮಾಡಿದ್ದ ಬಾಡಿಗೆ ಮನೆಗೆ ಹೋಗಿ, ಇವಳ ಕೈಗೆ ಸಿಗುವಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿದಿತ್ತು. ಅಲ್ಲಿನ ಕೋರ್ಟು ಇನ್ನಷ್ಟು ಸಮಯ ಕೊಡದಿದ್ದರೆ ಅವಳನ್ನು ಊರಿಗೆ ಕಳಿಸುತ್ತಾರೆ, ಚಿಕ್ಕಪ್ಪನ ಬಾಗಿಲಿಗೇ. ತಡವಾದದ್ದಕ್ಕೆ ಕಾರಣವನ್ನು ಅವಳ ವಕೀಲರು ಹೇಳುತ್ತಾರಂತೆ. ಚಿಕ್ಕಪ್ಪನ ಬೆದರಿಕೆಯನ್ನೂ 'ಹೋಗಿ ಬರ್ತೀನಿ' ಅನ್ನುವ ಮಾತಿನ ಅರ್ಥವನ್ನೂ ಮನೆಯವರೊಬ್ಬರು ಪ್ರಮಾಣ ಮಾಡಿ ಬರೆದುಕೊಡಬೇಕಿತ್ತು.

ನಾನು ಚಾಮರಾಜನಗರದ ಬಸ್ಸು ಹತ್ತಿದೆ. ಕೋರ್ಟಿನ ಹತ್ತಿರದ ನೋಟರಿ ವಕೀಲರು ನಾನು ಬರೆಸಿದ್ದನ್ನು ಓದಿ, ಕನ್ನಡಕ ತೆಗೆದರು.

"ಇದೇನಮ್ಮ, ಹೋಗಿ ಬರ್ತೀನಿ ಅನ್ನೋದಕ್ಕೆಲ್ಲ ಅಫಿಡವಿಟ್ಟಾ?"

"ಈಗ ನಾನು ಎದ್ದು ಹೊರಡ್ವಾಗ ನಿಮ್ಗೆ ಏನಂತೀನಿ, ಸಾರ್?"

ಅವರು ಕನ್ನಡಕ ಹಾಕಿಕೊಂಡು ಮೊಹರು ಒತ್ತಿದರು.

ನಾನು ನೋಟರಿ ಹತ್ತಿರ ಹೋದ ಸುದ್ದಿ, ಬಸ್ಸಿನಲ್ಲಿ ಸಿಕ್ಕಿದ್ದ ತೆರಕಣಾಂಬಿಯ ನೆಂಟರಿಂದ ಚಿಕ್ಕಪ್ಪನಿಗೆ ಮುಟ್ಟಿತು. ಸಂಜೆಗೇ ಬಂದ.

"ನನ್ ಮೇಲೇ ಬರ್ಸ್‌ಬುಟ್ಟೇನಮ್ಮಿ? ಮನೆ ಮಾನ ಕಳ್ದ್‌ಬುಟ್ಟೆ!"

"ನೀನು ಈ ಜಗ್ಲಿ ಮೇಲೆ ನಿಂತ್ಕಂಡು ಕೂಗಿದ್ನೇ ಬರ್ಸಿವ್ನಿ, ಚಿಕ್ಕಪ್ಪ. ಈಗ ಇಲ್ಲೇ ನಿಂತ್ಕಂಡು, ಅವ್ಳು ಬಂದ್ರೆ ಏನೂ ಮಾಡಕ್ಕಿಲ್ಲ ಅಂತ ಕೂಗು. ಅದ್ನೂ ಬರ್ಸ್ತೀನಿ."

ಅವನು ಕೂಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಡೆದ, 'ಬತ್ತೀನಿ' ಅಂತಲೂ ಅನ್ನಲಿಲ್ಲ.

ಅಲ್ಲಿನ ಕೋರ್ಟು ಸಮಯ ಕೊಟ್ಟಿದೆ. ಮೇಲ್ಮನವಿ ಇನ್ನೂ ನಡೆಯುತ್ತಿದೆ. ತಂಗಿ ಮಾತ್ರ ಬೆದರಿಹೋಗಿದ್ದಾಳೆ. ಮೊನ್ನೆ ಫೋನಿನಲ್ಲಿ ಮಾತು ಮುಗಿಸುವಾಗ ಅವ್ವನಿಗೆ ಬರೀ 'ಇಡ್ತೀನಿ' ಅಂದಳು. ಅವ್ವನ ಮುಖ ಸಣ್ಣದಾಯಿತು. ನಾನು ಫೋನು ಕಿತ್ತುಕೊಂಡು ಸ್ಪೀಕರ್ ಹಾಕಿದೆ.

"ಬತ್ತೀನಿ ಅನ್ನಮ್ಮಿ."

"ಯಾರಾರ ಕೇಳಿಸ್ಕಂಡ್ರೆ, ಅಕ್ಕ?"

"ಕೇಳಿಸ್ಕಳ್ಳಿ. ಅವ್ರಿಗೆ ಅರ್ಥ ಆಗ್ನಿಲ್ಲ ಅಂತ ನಾವು ಮಾತಾಡದ್ನೇ ಬುಟ್ಬುಡನಾ?"

ಅವಳು ಜೋರಾಗಿಯೇ ಅಂದಳು: "ಬತ್ತೀನಿ ಕಣವ್ವ."